ಮುಚ್ಚಬಾರದ ಬಾಣಲೆ

ಯಲಹಂಕದ ಆ ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಯಲ್ಲಿ, ಅಡುಗೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಮೇಡಂ ಹೆಚ್ಚಿದ ಬೀನ್ಸ್ ನನ್ನ ಮುಂದಿಟ್ಟು, "ಸೊಟೇ ಮಾಡಿ, ಸಾಕು" ಎಂದು ಫೋನ್ ಹಿಡಿದು ಒಳಗೆ ಹೋದರು. ಇಪ್ಪತ್ತು ವರ್ಷ ಅಡುಗೆ ಮಾಡಿದ ಕೈ ಅಲ್ಲೇ ನಿಂತಿತು. ಬೀನ್ಸ್ ಗೊತ್ತು, ಬಾಣಲೆ ಗೊತ್ತು, ಏನು ಮಾಡಬೇಕೆಂದು ಮಾತ್ರ ಗೊತ್ತಿಲ್ಲ. ಒಳಗೆ ಮೇಡಂ ಯಾರೊಂದಿಗೋ ಇಂಗ್ಲಿಷಿನಲ್ಲಿ ಮಾತಾಡುತ್ತ ನಕ್ಕರು. ನನ್ನ ಬಗ್ಗೆಯೇ ಎಂದುಕೊಂಡೆ.

ಹಿರಿಯೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಸಕ್ಕರೆ ಮುಗಿದರೆ ಪಕ್ಕದ ಮನೆಯ ಡಬ್ಬಿಗೇ ಕೈ ಹಾಕುತ್ತೇವೆ. ಇಲ್ಲಿ ಒಳಗೆ ಹೋಗಲು ಗೇಟಿನಲ್ಲಿ ಸಹಿ, ಹೊರಗೆ ಬರಲು ಬ್ಯಾಗ್ ತಪಾಸಣೆ. ದಿನಾ ಬ್ಯಾಗ್ ಬಿಚ್ಚಿ ತೋರಿಸಿ ತೋರಿಸಿ, ನಾನೂ ಎದುರಿಗಿದ್ದವರ ಮನಸ್ಸಿನಲ್ಲಿ ಏನಿದೆಯೋ ಎಂದು ತಡಕಲು ಶುರುಮಾಡಿದೆ.

ಅಂದು ನಮ್ಮ ಪಲ್ಯದ ಹಾಗೇ ಮಾಡಿದೆ. ಬಾಣಲೆಗೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ನೀರು ಹೊಯ್ದು, ಹಬೆಯಲ್ಲೇ ಮೆತ್ತಗೆ ಬೇಯಿಸಿದೆ. ಮೇಡಂ ಮುಟ್ಟಲಿಲ್ಲ. ಮರುದಿನ ಪಕ್ಕದಲ್ಲಿ ನಿಂತು ತೋರಿಸಿಕೊಟ್ಟರು. ಉರಿ ಜೋರಿರಬೇಕು, ಎಣ್ಣೆ ಸ್ವಲ್ಪವೇ ಹಾಕಬೇಕು, ನೀರು ಕೂಡದು, ಮುಚ್ಚಲೂ ಕೂಡದು. ಕೈಯಾಡಿಸುತ್ತಲೇ ಇದ್ದು, ಕಡಿದರೆ ಕರುಂ ಎನ್ನುವಾಗಲೇ ಇಳಿಸಬೇಕು. ಸೊಟೇ ಎಂದರೆ ಇಷ್ಟೇ.

ಹೇಳುವುದು ಮಾಡುವುದಕ್ಕಿಂತ ಕಷ್ಟವಾಯಿತು. ತುಟಿ ದುಂಡಗೆ ಮಾಡಿ 'ಸೊ' ಎಂದು ಬೇಗ ಬಿಟ್ಟು, 'ಟೇ' ಎಂದು ಎಳೆಯಬೇಕು. ರಾಜಾನುಕುಂಟೆಯ ನನ್ನ ರೂಮಿಗೆ ಹೋಗುವ ಬಸ್ಸಿನಲ್ಲಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅಭ್ಯಾಸ ಮಾಡಿದೆ. ಒಂದು ದಿನ "ಸೊಟೇ ಮಾಡ್ಲಾ ಮೇಡಂ?" ಎಂದಾಗ ಅವರು ಫೋನಿನಿಂದ ತಲೆಯೆತ್ತಿ ನನ್ನ ಮುಖ ನೋಡಿದರು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆ ನೋಟ ನನಗೆ ಬಹಳ ದೊಡ್ಡದು.

ಅಷ್ಟರಲ್ಲಿ ತಂಗಿ ಭಾಗ್ಯ ಅತ್ತೆಯ ಮಾತು ತಾಳಲಾರದೆ ಗಂಡನ ಮನೆ ಬಿಟ್ಟು ನನ್ನ ಶೀಟಿನ ರೂಮಿಗೆ ಬಂದಳು. ಮನೆ ಓನರಮ್ಮ ಬಾಗಿಲಲ್ಲೇ ನಿಂತು, "ಒಬ್ರೇ ಅಂತ ಏಳಿದ್ರಿ, ಈಗ ಇಬ್ರಾ? ಇಂಗಾದ್ರೆ ಎಂಗಮ್ಮ? ತಿಂಗಳೊಳಗೆ ಅವ್ಳು ಬೇರೆ ರೂಮು ನೋಡ್ಕೊಳ್ಳಲಿ" ಎಂದರು. ಕೆಲಸ ಸಿಕ್ಕರೆ ಭಾಗ್ಯಳಿಗೆ ತನ್ನದೇ ರೂಮು, ಸಿಗದಿದ್ದರೆ ಮತ್ತೆ ಅತ್ತೆಮನೆ.

ನನಗೆ ಜ್ವರ ಬಂದಾಗ ಎರಡು ದಿನ ಅವಳೇ ನನ್ನ ಬದಲು ಹೋಗಿ ಸಾರು, ಮುದ್ದೆ ಮಾಡಿದ್ದಳು. "ನಿಮ್ಮ ತಂಗಿ ಕೈರುಚಿ ತುಂಬಾ ಚೆನ್ನಾಗಿದೆ" ಎಂದರು ಮೇಡಂ. ಅವರ ಗೆಳತಿಗೂ ಅಡುಗೆಯವರು ಬೇಕಿತ್ತು. ಭಾಗ್ಯಳನ್ನು ಒಂದು ದಿನ ಕಳಿಸಿ, ನೋಡ್ತಾರೆ ಎಂದರು. ನನಗೆ ಬೇರೆಯೇ ಹೊಳೆಯಿತು. ಇಂದು ಗೆಳತಿಯ ಮನೆ, ನಾಳೆ ನನ್ನ ಒಲೆ.

ಅಲ್ಲಿಗೆ ಹೋಗುವ ದಿನ ಬೆಳಿಗ್ಗೆ ನಲ್ಲಿ ಹತ್ತಿರ ಭಾಗ್ಯ ಕೇಳಿದಳು: "ಅಕ್ಕಾ, ಅದೇನೋ ಸೊಟೇ ಅಂತಾರಲ್ಲ, ಹೇಳ್ಕೊಡೇ."

ಹೇಳಿಕೊಟ್ಟೆ. ತುಟಿ ಹೇಗಿರಬೇಕೆಂದು ತೋರಿಸಿದೆ. ಮೂರೇ ಸಲಕ್ಕೆ ನನಗಿಂತ ಚೆನ್ನಾಗಿ ಅಂದಳು.

"ಮಾಡೋದು ಹೆಂಗೆ?"

"ನಮ್ ಪಲ್ಯದ ತರಾನೇ ಕಣೆ. ತಟ್ಟೆ ಮುಚ್ಚಿ ನೀರು ಹೊಯ್ಯಿ. ಹೆಸರೊಂದೇ ಬೇರೆ."

"ಅಷ್ಟಕ್ಕೇ ಇಷ್ಟು ಬಿಂಕಾನಾ ಇವರಿಗೆ!" ಎಂದು ನಕ್ಕು, ತಲೆ ಬಾಚಿಕೊಂಡು ಹೋದಳು.

ಮಧ್ಯಾಹ್ನ ವಾಪಸು ಬಂದಳು. ಕೆಲಸ ಸಿಕ್ಕಿರಲಿಲ್ಲ. "ಸರಿಯಾಗೇ ಅಂದೆ ಅಕ್ಕಾ. ಆಯಮ್ಮ ಖುಷಿಯಾಗಿ ನೋಡ್ತಿದ್ರು. ತಟ್ಟೆ ತೆಗೆದ್ ಮೇಲೆ ಮುಖ ಸಣ್ಣದಾಯ್ತು. ಆ ಮನೇಲಿ ಬೇರೆ ತರ ಮಾಡ್ತಾರಂತೆ." ಆಮೇಲೆ ನನ್ನ ಕೈ ಹಿಡಿದು, "ನಿನಗೂ ಸರಿಯಾಗಿ ಹೇಳ್ಕೊಟ್ಟಿಲ್ವೇನೋ. ಕೆಲಸ ಹೋದೀತು, ಹುಷಾರು ಕಣೆ" ಎಂದಳು.

ಆಗಲೂ ಬಾಯಿ ಬಿಡಲಿಲ್ಲ. ತಿಂಗಳು ತುಂಬುವ ಮೊದಲೇ ಯಶವಂತಪುರದಲ್ಲಿ ಅವಳನ್ನು ರೈಲು ಹತ್ತಿಸಿದೆ.

ಎರಡು ವರ್ಷದ ಮೇಲೆ ಅವಳ ಗಂಡನ ಮನೆಗೆ ಹೋದೆ. "ಬೆಂಗ್ಳೂರಿನೋರು ಬಂದ್ರು" ಎಂದು ಅವಳತ್ತೆ ನನಗೆ ಕುರ್ಚಿ ಕೊಟ್ಟರು. ಅತ್ತ ಬೆಂಗಳೂರಿನ ಗೇಟಿನ ಪುಸ್ತಕದಲ್ಲಿ ನಾನು ಇನ್ನೂ ಹೊರಗಿನವಳೇ. ಭಾಗ್ಯ ಹುರುಳಿಕಾಯಿ ಹೆಚ್ಚಿಟ್ಟು, "ಇವತ್ತು ನೀನೇ ಸೊಟೇ ಮಾಡೇ" ಎಂದಳು. ಉರಿ ಜೋರು ಮಾಡಿ ಕೈಯಾಡಿಸಿದೆ. ಕಾಯಿ ಚಟಪಟ ಎಂದಿತು. ತಟ್ಟೆ, ಚೊಂಬು ಹಿಡಿದು ಅವಳು ಪಕ್ಕದಲ್ಲಿ ಕಾಯುತ್ತಿದ್ದಳು.

"ಮುಚ್ಚಲ್ವಾ ಅಕ್ಕಾ?"

"ಇದಕ್ಕೆ ಮುಚ್ಚಬಾರದು ಭಾಗ್ಯಾ. ನನಗೆ ಅವತ್ತೂ ಗೊತ್ತಿತ್ತು."

ಅವಳು ಚೊಂಬಿನ ನೀರನ್ನು ಹಿತ್ತಲಿಗೆ ಚೆಲ್ಲಿ ಬಂದು, ಅದೇ ತಟ್ಟೆಯನ್ನು ನನ್ನ ಮುಂದಿಟ್ಟು ಅನ್ನ ಬಡಿಸಿದಳು. "ತಿನ್ನು. ನಿನ್ನೂರಿಗೆ ನಾಲ್ಕಕ್ಕೆ ಬಸ್ಸು" ಎಂದಳು.

ನಿನ್ನೂರು ಎಂದದ್ದು ಬೆಂಗಳೂರಿಗೆ. ನಾನು ಬೇಕೆಂದೇ ತಪ್ಪು ಹೇಳಿಕೊಟ್ಟದ್ದು ಅವಳಿಗೆ ಮೊದಲೇ ತಿಳಿದಿತ್ತೇ ಎಂದು ಮುಖ ನೋಡಲು ತಿರುಗಿದೆ. ಅವಳು ಬಾಣಲೆ ತಿಕ್ಕುತ್ತ ಬೆನ್ನು ಹಾಕಿ ಕೂತಿದ್ದಳು.