ಅತ್ತಿಯ ಗೂಟ

ಹುಣಸೂರಿನ ಕುಳ್ಳಯ್ಯ ಸೈನ್ಯದ ಗುಡಾರಗಳಿಗೆ ಮರದ ಗೂಟ ಒದಗಿಸುವ ಐದು ವರ್ಷಗಳ ಗುತ್ತಿಗೆ ಹಿಡಿದಿದ್ದ. ಕರಾರಿನಲ್ಲಿದ್ದುದು ಗಟ್ಟಿಯಾದ ಹೊನ್ನೆ. ಅದನ್ನು ನಡುವೆಯೇ ತಿದ್ದಿಸಿ, ಒಂದೇ ಏಟಿಗೆ ಸೀಳುವ ಅತ್ತಿಮರವನ್ನು ತುರುಕಲು ಅವನು ಹೊಂಚು ಹಾಕಿದ. ಇಂಥ ತಿದ್ದುಪಡಿಗಳನ್ನು ಪರಿಶೀಲಿಸಲೆಂದೇ ೧೯೯೮ರಲ್ಲಿ ಸಂಸದರ ಸಮಿತಿಯೊಂದು ಪ್ರವಾಸಿಮಂದಿರಕ್ಕೆ ಬಂತು. ಮೋಸ ಕಂಡರೆ ಗುತ್ತಿಗೆಯೇ ರದ್ದು. ಕುಳ್ಳಯ್ಯ ತಿದ್ದುಪಡಿಯ ಕಾಗದ ಹಿಡಿದು ಅವರ ಮುಂದೆ ನಿಂತ.

“ಏನಯ್ಯ ಬದಲಾವಣೆ?” ಎಂದರು, ಕೋಳಿಸಾರಿನ ಕೈ ಒರೆಸಿಕೊಳ್ಳುತ್ತಿದ್ದ, ಸಮಿತಿಯಲ್ಲಿ ಕನ್ನಡ ಬಲ್ಲ ಸದಸ್ಯರು.

“ಇನ್ಮ್ಯಾಕೆ ಅತ್ತೀದು ಕೊಡ್ತೀವಿ, ಬುದ್ಧಿ.”

“ಅತ್ತಿ ಅಲ್ಲ ಕಣಯ್ಯ, ಹತ್ತಿ! ನಿಮ್ಮ ಕಡೆಯವರಿಗೆ ಹಕಾರ ಯಾವಾಗ ಬರುತ್ತದೋ! ಗುಡಾರಕ್ಕೆ ಹತ್ತಿಬಟ್ಟೆ ಒಳ್ಳೆಯದೇ ಬಿಡು.”

ಉಳಿದವರೂ ನಕ್ಕು ರುಜು ಹಾಕಿದರು. ಹೊರಗೆ ಲಾರಿಯಲ್ಲಿದ್ದ ಗೂಟವನ್ನು ಒಬ್ಬರಾದರೂ ಮುಟ್ಟಿ ನೋಡಲಿಲ್ಲ. ಹಳ್ಳಿಯವನ ಮಾತು ತಿದ್ದಿದ ಹೆಮ್ಮೆಯಲ್ಲಿ, ಅವನು ಕರಾರು ತಿದ್ದಿಸಿಕೊಂಡದ್ದು ಆ ಘನವಂತರಿಗೆ ತಿಳಿಯಲೇ ಇಲ್ಲ.

ಈಗ ಕುಳ್ಳಯ್ಯ ತನ್ನ ಹಿತ್ತಲಿನ ಅತ್ತಿಮರವನ್ನೂ ‘ಹತ್ತಿಮರ’ ಎನ್ನುತ್ತಾನೆ. ಬೇರೆ ಯಾವ ಮಾತಿಗೂ ಅವನ ಬಾಯಲ್ಲಿ ಹಕಾರ ಹುಟ್ಟಿಲ್ಲ. ಏಕೆಂದು ಪಕ್ಕದ ಮನೆಯ ನಾನು ಒಮ್ಮೆ ಕೇಳಿದೆ.

“ದೊಡ್ಡೋರು ಏಳ್ಕೊಟ್ಟವ್ರೆ ಕಣವ್ವ,” ಎಂದು ನಾಚಿಕೆಯಿಲ್ಲದೆ ನಕ್ಕ.