ಇಬ್ಬರಿಗೂ ಬಂದಿತ್ತು, ನನ್ನದು ಹೋಯಿತು

ಮಂಚೇನಹಳ್ಳಿಯ ಹೈಸ್ಕೂಲಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಮನೆ ಗೌರಿಬಿದನೂರಿನಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನಮ್ಮ ಶಾಲೆಯ ಗಣಿತದ ಮೇಡಂ ಅಲೀಪುರದಿಂದ ಬರುತ್ತಾಳೆ. ಗಂಡ ತೀರಿಕೊಂಡ ಮೇಲೆ ಅತ್ತೆಯನ್ನೂ ಮಗಳನ್ನೂ ಒಬ್ಬಳೇ ನೋಡಿಕೊಂಡವಳು. ಸ್ಟಾಫ್ ರೂಮಿನಲ್ಲಿ ನಮ್ಮ ಕುರ್ಚಿಗಳು ಅಕ್ಕಪಕ್ಕ. ಎಷ್ಟೋ ವರ್ಷದ ಗೆಳೆತನವಾದರೂ ಎದುರಿಗೆ ಒಬ್ಬರನ್ನೊಬ್ಬರು ಮೇಡಂ ಎಂದೇ ಕರೆಯುತ್ತೇವೆ, ಬಹುವಚನವನ್ನೂ ಬಿಟ್ಟಿಲ್ಲ.

ಒಂದು ಶನಿವಾರ ಮಂಚೇನಹಳ್ಳಿಯಲ್ಲಿ ಹೆಂಗಸರಿಗಾಗಿ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಶಿಬಿರ ಹಾಕಿದ್ದರು. ಅವಳಿಗೆ ಬರಲು ಮನಸ್ಸಿರಲಿಲ್ಲ.

"ಗಂಡಾನೇ ಇಲ್ಲ, ನಂಗ್ಯಾಕೆ ಮೇಡಂ ಅದೆಲ್ಲ?"

"ನಂಗೊಬ್ಬಳಿಗೇ ಹೋಗೋಕೆ ನಾಚ್ಕೆ ಆಗುತ್ತೆ. ಸುಮ್ನೆ ಜೊತೆಗೆ ಬನ್ನಿ," ಎಂದು ಎಳೆದುಕೊಂಡು ಹೋದೆ. ಪರೀಕ್ಷೆ ಬೇಗ ಮುಗಿಯಿತು. ಬರುವಾಗ ಇಬ್ಬರೂ ಕಬ್ಬಿನ ಹಾಲು ಕುಡಿದೆವು, ಆಮೇಲೆ ಪರೀಕ್ಷೆಯ ವಿಷಯ ಮರೆತೇಬಿಟ್ಟೆವು.

ಶಿಬಿರದವರಿಂದ ಮೊದಲು ಫೋನ್ ಬಂದದ್ದು ಅವಳಿಗೆ. ಊಟದ ಬಿಡುವಿನಲ್ಲಿ ಹೊರಗೆ ಹೋಗಿ ಮಾತಾಡಿ ಬಂದವಳು ಬಾಗಿಲು ಮುಂದೆ ಮಾಡಿದಳು.

"ಕ್ಯಾನ್ಸರ್ ಅಲ್ವಂತೆ. ಅದನ್ನ ತರೋ ವೈರಸ್ ಇದೆಯಂತೆ. ಹೆಚ್‌ಪಿವಿ ಅಂತೆ."

ಅದು ದೇಹಸಂಪರ್ಕದಿಂದ ಬರುತ್ತದೆಂದು ನಾನು ಎಲ್ಲೋ ಓದಿದ್ದೆ. ಅಷ್ಟು ಮಾತ್ರ ಗೊತ್ತಿತ್ತು. "ಇಷ್ಟು ವರ್ಷ ಆದ್ಮೇಲೆ ಹೇಗೆ ಬರುತ್ತೆ?" ಎಂಬ ಮಾತು ಬಾಯಿಂದ ಜಾರಿತು. ಅವಳು ನನ್ನ ಮುಖವನ್ನೇ ನೋಡಿದಳು. ಅಲ್ಲಿ ಏನು ಕಂಡಿತೋ, ಊಟದ ಡಬ್ಬಿಯ ಮುಚ್ಚಳ ಹಾಕಿದಳು.

"ನೀವೂ ಹಂಗೇ ಅಂದ್ಕೊಂಡ್ರಾ ಮೇಡಂ?"

ಇಲ್ಲ ಎಂದೆ. ಆದರೆ ಒಂದು ಕ್ಷಣ ಅಂದುಕೊಂಡಿದ್ದೆ. ಗಂಡನಿಲ್ಲದವಳು, ಇನ್ಯಾರಿಂದ ಎಂದು ನನ್ನ ತಲೆ ಹುಡುಕಿಬಿಟ್ಟಿತ್ತು. ಅವಳು ಕೈ ತೊಳೆದುಕೊಂಡು ಕ್ಲಾಸಿಗೆ ಹೋದಳು.

ಮರುದಿನ ನನಗೂ ಫೋನ್ ಬಂತು. ನನಗೂ ಅದೇ ವೈರಸ್. ಹೆದರಿಕೆಗಿಂತ ಮೊದಲು ನಾಚಿಕೆಯಿಂದ ಮುಖ ಬಿಸಿಯಾಯಿತು. ಸಂಜೆ ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ಪೇಪರ್ ಮಡಿಸಿಟ್ಟು, ನಾನು ಏನೂ ಕೇಳುವ ಮೊದಲೇ, "ನಾನೇನೂ ಮಾಡಿಲ್ಲ ಕಣೇ," ಎಂದರು.

"ನಾನೂ ಮಾಡಿಲ್ಲ."

ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಇಬ್ಬರೂ ಕೂತಿದ್ದೆವು. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು. ನಿನ್ನೆ ಅವಳನ್ನು ಯಾವ ಕಣ್ಣಿಂದ ನೋಡಿದ್ದೆನೋ ಅದೇ ಕಣ್ಣಿಂದ ಈಗ ಗಂಡನನ್ನು ನೋಡುತ್ತಿದ್ದೆ. ಅವರೂ ನನ್ನನ್ನು ಹಾಗೇ ನೋಡುತ್ತಿದ್ದರು.

ನನಗೂ ಬಂದಿದೆ ಎಂದು ತಿಳಿದಾಗ ಅವಳು ಕುಗ್ಗಿದ ದನಿಯಲ್ಲಿ, "ಅಯ್ಯೋ ಮೇಡಂ," ಎಂದಳಷ್ಟೇ. ಮುಂದಿನ ರಜೆಯ ದಿನ ಇಬ್ಬರೂ ಚಿಕ್ಕಬಳ್ಳಾಪುರಕ್ಕೆ ಹೋಗಿ ಒಬ್ಬ ಲೇಡಿ ಡಾಕ್ಟರಿಗೆ ತೋರಿಸಿದೆವು. ಆಕೆ ದುರ್ಬೀನಿನಂಥ ಉಪಕರಣದಲ್ಲಿ ಇಬ್ಬರನ್ನೂ ಪರೀಕ್ಷಿಸಿ, ಸದ್ಯಕ್ಕೆ ಏನೂ ತೊಂದರೆ ಕಾಣುತ್ತಿಲ್ಲ ಎಂದರು. ಕೇಳಲೇಬೇಕಾದ ಪ್ರಶ್ನೆ ನಮ್ಮಿಬ್ಬರ ಬಾಯಲ್ಲೂ ಇತ್ತು. ಕೊನೆಗೆ ಕೇಳಿದವಳು ಅವಳೇ.

"ನಮ್ ಯಜಮಾನ್ರು ಹೋಗಿ ವರ್ಷಗಳೇ ಆಯ್ತು ಡಾಕ್ಟ್ರೇ. ನಂಗೆ ಎಲ್ಲಿಂದ ಬಂತು?"

ಡಾಕ್ಟರು ಪೆನ್ನು ಕೆಳಗಿಟ್ಟರು. "ನೋಡಮ್ಮ, ಮದುವೆ ಸಂಸಾರ ಅಂತ ಆದ ಹೆಚ್ಚಿನ ಜನಕ್ಕೆ ಇದು ಜೀವನದಲ್ಲಿ ಯಾವತ್ತಾದ್ರೂ ಒಂದು ಸಲ ಬಂದೇ ಬರುತ್ತೆ. ಗಂಡಸರಿಗೂ ಬರುತ್ತೆ, ಅವರಿಗೆ ಗೊತ್ತೇ ಆಗಲ್ಲ. ಮೈಯೊಳಗೆ ವರ್ಷಗಟ್ಟಲೆ ಸುಮ್ನೆ ಇದ್ದು ಆಮೇಲೆ ಕಾಣಿಸ್ಕೋಬಹುದು. ಯಾವಾಗ ಬಂತು, ಯಾರಿಂದ ಬಂತು ಅಂತ ಹೇಳೋಕೆ ಯಾವ ಟೆಸ್ಟೂ ಇಲ್ಲ. ಇದರಲ್ಲಿ ಯಾರ ನಡತೇನೂ ಹುಡುಕ್ಬೇಡಿ."

"ಹಾಗಾದ್ರೆ ಇಷ್ಟೊಂದು ಜನಕ್ಕೆ ಕ್ಯಾನ್ಸರ್ ಯಾಕೆ ಬರಲ್ಲ?" ನಾನು ಕೇಳಿದೆ.

"ತುಂಬಾ ಜನರಲ್ಲಿ ದೇಹಾನೇ ಅದನ್ನ ಓಡಿಸಿಬಿಡುತ್ತೆ. ಕೆಲವರಲ್ಲಿ ಹೋಗಲ್ಲ. ಹಾಗೆ ಉಳ್ಕೊಂಡ್ರೆ ನಿಧಾನಕ್ಕೆ ತೊಂದ್ರೆ ಶುರುವಾಗ್ಬಹುದು. ಅದಕ್ಕೇ ಒಂದು ವರ್ಷ ಬಿಟ್ಟು ಮತ್ತೆ ಬನ್ನಿ."

ವಾಪಸ್ ಬರುವ ಬಸ್ಸಿನಲ್ಲಿ ನಾನು, "ಅವತ್ತು ಸ್ಟಾಫ್ ರೂಮಲ್ಲಿ..." ಎಂದು ಶುರುಮಾಡಿದೆ. "ಬಿಡಿ ಮೇಡಂ," ಎಂದು ಅವಳು ಕಿಟಕಿಯ ಕಡೆ ತಿರುಗಿದಳು. ಬಿಟ್ಟಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ವರ್ಷ ಕಳೆದು ಮತ್ತೆ ಹೋದೆವು. ನನ್ನ ವರದಿ ಮೊದಲು ಬಂತು: ವೈರಸ್ ಇಲ್ಲ. ಅವಳದು ಹೋಗಿರಲಿಲ್ಲ. ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದಾಗ, ಕ್ಯಾನ್ಸರ್ ಆಗಿಲ್ಲ, ಆದರೆ ಹಾಗೇ ಬಿಟ್ಟರೆ ಆಗುವ ದಾರಿಯಲ್ಲಿದೆ ಎಂದು ಗೊತ್ತಾಯಿತು. ಕೆಟ್ಟಿರುವ ಭಾಗವನ್ನು ಬೆಂಗಳೂರಿನಲ್ಲಿ ತೆಗೆಸಬೇಕೆಂದರು.

ನನ್ನದು ಹೋಗಿದೆ ಎಂದು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಒಂದೇ ದಿನ, ಒಂದೇ ಕೋಣೆಯಲ್ಲಿ ಪರೀಕ್ಷೆ ಮಾಡಿಸಿಕೊಂಡವರು ನಾವು. ಅವಳಿಗಿಂತ ನಾನೇನು ಚೆನ್ನಾಗಿ ಬದುಕಿದ್ದೆ? ಸಂದೇಹಪಟ್ಟವಳು ನಾನು, ಪಾರಾದವಳೂ ನಾನೇ. ಖುಷಿಪಡಲೂ ನಾಚಿಕೆಯಾಗಿ, ಅವಳ ಮುಂದೆ ಬೇಕೆಂದೇ ಮಂಕಾಗಿ ಓಡಾಡಿದೆ. ಕೊನೆಗೆ ಅವಳೇ ಕೇಳಿದಳು.

"ನಿಮ್ದು ಏನಾಯ್ತು ಮೇಡಂ? ಹೇಳ್ಲೇ ಇಲ್ಲ."

"ಹೋಗಿದೆ," ಎಂದೆ, ಸಾವಿನ ಸುದ್ದಿ ಹೇಳುವವಳ ಹಾಗೆ.

"ಅಲ್‌ಹಮ್ದುಲಿಲ್ಲಾಹ್! ಅದಕ್ಯಾಕೆ ಮುಖ ಹಿಂಗ್ ಮಾಡ್ಕೊಂಡಿದೀರಾ?" ಎಂದು ನನ್ನ ಕೈ ಹಿಡಿದು ಅಲ್ಲಾಡಿಸಿದಳು. ಅವಳ ಸಂತೋಷದಲ್ಲಿ ಸುಳ್ಳು ಇರಲಿಲ್ಲ. ಅದು ನನ್ನನ್ನು ಇನ್ನಷ್ಟು ಕುಗ್ಗಿಸಿತು.

ಬೆಂಗಳೂರಿಗೆ ನಾನೇ ಜೊತೆಗೆ ಹೋದೆ. ಅತ್ತೆಗೆ ಅವಳು ಶಾಲೆಯ ಟ್ರೈನಿಂಗ್ ಎಂದು ಹೇಳಿದ್ದಳು. ಚಿಕಿತ್ಸೆ ದೊಡ್ಡದೇನಲ್ಲ, ಸಂಜೆಗೆಲ್ಲ ಮನೆಗೆ ಕಳಿಸಿದರು. ಕೆಲವು ವಾರ ಭಾರ ಎತ್ತಬೇಡಿ ಎಂದಿದ್ದರಿಂದ ಅವಳ ಬ್ಯಾಗನ್ನು ಬಸ್ ಸ್ಟಾಂಡಿನಿಂದ ಶಾಲೆಯವರೆಗೆ ನಾನೇ ಹೊರುತ್ತಿದ್ದೆ. ಅದರಿಂದ ಮನಸ್ಸೇನೂ ಹಗುರವಾಗಲಿಲ್ಲ. ಆಮೇಲಿನ ಪರೀಕ್ಷೆಯಲ್ಲಿ ಅವಳದೂ ಚೆನ್ನಾಗಿದೆ ಎಂದು ಬಂತು. ಇನ್ನು ಮುಂದೆಯೂ ಆಗಾಗ ತೋರಿಸುತ್ತಿರಬೇಕು, ಅಷ್ಟೇ.

ಈ ವರ್ಷ ತಾಯಂದಿರ ಸಭೆಯಲ್ಲಿ ಈ ವೈರಸ್ ತಡೆಯಲು ಹೆಣ್ಣುಮಕ್ಕಳಿಗೆ ಹಾಕುವ ಲಸಿಕೆಯ ಬಗ್ಗೆ ಮಾತಾಡಲು ನನ್ನನ್ನೇ ನಿಲ್ಲಿಸಿದರು. "ನಮ್ ಹುಡ್ಗೀರು ಅಂಥೋರಲ್ಲ ಮೇಡಂ, ಅವ್ರಿಗ್ಯಾಕೆ ಈ ಸೂಜಿ?" ಎಂದು ಒಬ್ಬ ತಾಯಿ ಎದ್ದು ಕೇಳಿದಳು. ಆ ಮಾತಿನಲ್ಲಿ ನನ್ನದೇ ಹಳೆಯ ಮುಖ ಕಂಡಂತಾಯಿತು.

"ಇದು ಅಂಥೋರು ಇಂಥೋರು ಅಂತ ನೋಡಿ ಬರೋದಲ್ಲಮ್ಮ. ನಂಗೂ ಬಂದಿತ್ತು," ಎಂದೆ. ಹಿಂದಿನ ಸಾಲಿನಿಂದ ಒಬ್ಬಾಕೆ, "ಎಲ್ಲಾರ್ಕೂ ಬರ್ತದಾ?" ಎಂದು ಮೆಲ್ಲಗೆ ಕೇಳಿದಳು. ಡಾಕ್ಟರು ಹೇಳಿದ್ದನ್ನೆಲ್ಲ ನನಗೆ ತಿಳಿದಂತೆ ಹೇಳಿದೆ. ಗೋಡೆಯ ಪಕ್ಕ ಕೂತಿದ್ದ ನನ್ನ ಗೆಳತಿ ತಲೆ ಎತ್ತದೆ ಪೇಪರ್ ತಿದ್ದುತ್ತಿದ್ದಳು. ಅವಳ ವಿಷಯ ನಾನು ಎತ್ತಲಿಲ್ಲ.

ಎಲ್ಲರೂ ಹೋದ ಮೇಲೆ, "ಚೆನ್ನಾಗಿ ಹೇಳಿದ್ರಿ," ಎಂದಳು.

"ನೀವೂ ಒಂದು ಮಾತು ಹೇಳಿದ್ರೆ..."

"ನಾನು ಹೇಳಲ್ಲ ಮೇಡಂ. ನಿಮ್ಗೆ ಮನೇಲಿ ಯಜಮಾನ್ರಿದಾರೆ, ನಿಮ್ದು ತಾನಾಗೇ ಹೋಯ್ತು. ನಿಮ್ಗೆ ಹೇಳೋಕಾಗುತ್ತೆ."

ಸಿಟ್ಟಿನಿಂದ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು. ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಇಬ್ಬರೂ ಹೊರಟೆವು.