ಬದಲಿ ಇಲ್ಲದ ಕೆಲಸ

ಆಗುವುದಿಲ್ಲ ಎಂದವರು ಇಬ್ಬರು. ನನಗೆ ಡಿಗ್ರಿ ಆಗುವುದಿಲ್ಲ ಎಂದವಳು ನಮ್ಮೂರು ಹರವೆಯಲ್ಲಿ ಕೂಲಿ ಮಾಡುವ ನಮ್ಮವ್ವ. ಮನೆಗಳಿಗೆ ಆರೈಕೆಯವರನ್ನು ಕಳಿಸುವ ಏಜೆನ್ಸಿ ಬಿಟ್ಟು, ರೋಗಿಯ ಮನೆಯವರ ಜೊತೆ ನೇರವಾಗಿ ಮಾತಾಡಿಕೊಂಡು ಕೆಲಸ ಮಾಡುವುದು ಆಗುವುದಿಲ್ಲ ಎಂದವರು ಚಾಮರಾಜನಗರದ ಏಜೆನ್ಸಿ ಮೇಡಂ.

ಅವ್ವನದು ಹೆದರಿಕೆ. ನಮ್ಮ ಮನೆತನದಲ್ಲಿ ಹತ್ತನೇ ಕ್ಲಾಸು ದಾಟಿದವರೇ ಇರಲಿಲ್ಲ. 'ಅರ್ಧಕ್ಕ ನಿಂತೋದ್ರ ನಗೋರ್ ಮುಂದ ಎಡವಿ ಬಿದ್ದಂಗಾಯ್ತದ ಕಣಮ್ಮಿ' ಎನ್ನುತ್ತಿದ್ದಳು. ನಾನು ನಿಲ್ಲಲಿಲ್ಲ. ಹಗಲು ಚಾಮರಾಜನಗರದ ಕಾಲೇಜು, ರಾತ್ರಿ ಹಾಸಿಗೆ ಹಿಡಿದವರ ಮನೆಗಳಲ್ಲಿ ಆರೈಕೆ. ರೋಗಿಯನ್ನು ನೋಯಿಸದೆ ಮಗ್ಗುಲು ತಿರುಗಿಸುವುದು, ಎತ್ತಿ ಕೂರಿಸುವುದು, ಬಿಪಿ ನೋಡುವುದು, ಎಲ್ಲವನ್ನೂ ಕಲಿಸಿದ್ದು ಏಜೆನ್ಸಿಯೇ. ಆ ಕೆಲಸದಲ್ಲೇ ಬಿ.ಎ. ಮುಗಿಸಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಏಜೆನ್ಸಿಯಲ್ಲಿ ಒಂದು ಕಟ್ಟುನಿಟ್ಟಿತ್ತು. ಒಂದೇ ಮನೆಯಲ್ಲಿ ಹೆಚ್ಚು ದಿನ ಇರಗೊಡುತ್ತಿರಲಿಲ್ಲ. ಹಚ್ಚಿಕೊಂಡರೆ ಕಷ್ಟ ಅಂತ ಬೇರೆ ಮನೆಗೆ ಹಾಕುತ್ತಿದ್ದರು. ಗುಂಡ್ಲುಪೇಟೆಯ ಅಜ್ಜಿಯ ಮನೆಯಿಂದಲೂ ಹಾಗೇ ತೆಗೆದರು. ಸೊಂಟದ ಮೂಳೆ ಮುರಿದು ಮಲಗಿದ್ದ ಅಜ್ಜಿ, ಹೊಸ ಹುಡುಗಿಯ ಕೈಯಲ್ಲಿ ಊಟವನ್ನೇ ಮುಟ್ಟಲಿಲ್ಲವಂತೆ. ಮೈಸೂರಿನಲ್ಲಿ ಕೆಲಸದಲ್ಲಿದ್ದ ಅವರ ಮಗ ನನಗೇ ಫೋನ್ ಮಾಡಿದರು. ಏಜೆನ್ಸಿ ಬೇಡ, ನೀವೇ ಬನ್ನಿ, ನಿಮ್ಮ ಜೊತೆಯೇ ಮಾತು ಎಂದರು. ಅಷ್ಟರಲ್ಲಿ ಕೊನೆಯ ಪರೀಕ್ಷೆಯೂ ಮುಗಿದಿತ್ತು. ಒಪ್ಪಿಕೊಂಡೆ.

ಹೇಳದೆ ಹೋಗಬಾರದು ಅಂತ ಮೇಡಂ ಹತ್ತಿರ ಹೋಗಿ ಹೇಳಿದೆ. ಅವರು ಸಿಟ್ಟಾಗಲಿಲ್ಲ. 'ಹೋಗಮ್ಮ. ಆದ್ರೆ ನಿಂಗೊಂದು ದಿನ ರಜ ಬೇಕಾದ್ರೆ ಬದ್ಲಿ ಯಾರು? ಇದು ನಡೆಯೋ ಮಾತಲ್ಲ' ಎಂದರು. ಆಳು ಕೈತಪ್ಪಿತಲ್ಲ, ಆ ಹೊಟ್ಟೆಕಿಚ್ಚು ಅಂದುಕೊಂಡೆ.

ನಡೆಯಿತು. ಏಜೆನ್ಸಿಯ ಹೆಸರು ಬರೆದ ಕೋಟು ಕಳಚಿಟ್ಟೆ. ಅಜ್ಜಿಯ ಸ್ನಾನ, ಊಟ, ಆಸ್ಪತ್ರೆ, ಯಾವುದಕ್ಕೂ ಮಗ ನನ್ನನ್ನೇ ಕೇಳುತ್ತಿದ್ದರು. ಅದುವರೆಗೆ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ, ಕಳಿಸುತ್ತಿದ್ದರು ಅಷ್ಟೆ.

ಆಮೇಲೆ ಕಾಲೇಜಿನಿಂದ ಫೋನ್ ಬಂತು. ಪದವಿ ಪ್ರದಾನ ಸಮಾರಂಭ, ಮನೆಯವರನ್ನೂ ಕರೆತರಬಹುದು. ಆಗುವುದಿಲ್ಲ ಎಂದಿದ್ದ ಅವ್ವನೇ ಬೀದಿಗೆಲ್ಲ ಸಾರಿದಳು. ಫೋನ್ ಮಾಡಿದಾಗಲೆಲ್ಲ ಅದೇ ಪ್ರಶ್ನೆ. 'ಸ್ಟೇಜಿಗ ಮೆಟ್ಲಿದ್ದದಾ? ನೀ ಮೆಟ್ಲತ್ತದು ಇಂದ್ಗಡ ಕುಂತೋರ್ಗೂ ಕಂಡದಾ?' ಕಾಣುತ್ತದೆ ಎಂದೆ. ಅಜ್ಜಿಯ ಮಗನಿಗೆ ಮುಂಚೆಯೇ ತಿಳಿಸಿದ್ದೆ. ಆ ದಿನ ಬೆಳಿಗ್ಗೆಯೇ ಬರುತ್ತೇನೆ, ನೀವು ನಿಶ್ಚಿಂತೆಯಿಂದ ಹೋಗಿ ಎಂದಿದ್ದರು.

ಆ ಬೆಳಿಗ್ಗೆ ಸೀರೆ ಉಟ್ಟು ನಿಂತಿದ್ದೆ. ಫೋನ್ ಬಂತು. ಆಫೀಸಿಗೆ ದಿಢೀರನೆ ಮೇಲಿನವರು ಬಂದಿದ್ದಾರೆ, ಹೊರಡುವ ಹಾಗೇ ಇಲ್ಲ ಎಂದರು ಅಜ್ಜಿಯ ಮಗ. ಮತ್ತೆ ಮತ್ತೆ ಕ್ಷಮೆ ಕೇಳಿದರು. ನಾಚಿಕೆ ಬಿಟ್ಟು ಏಜೆನ್ಸಿ ಮೇಡಂಗೆ ಫೋನ್ ಮಾಡಿದೆ. ಪಾಪ, ಒಬ್ಬಿಬ್ಬರನ್ನು ವಿಚಾರಿಸಿದರು. ಎಲ್ಲರೂ ಡ್ಯೂಟಿಯಲ್ಲಿದ್ದರು. 'ಮನೆ ನಮ್ ಕಡೇದಾಗಿದ್ರೆ ಹೆಂಗಾದ್ರೂ ಒಬ್ಬಳನ್ನ ನಿಲ್ಲಿಸ್ತಿದ್ದೆ ಕಣಮ್ಮ' ಎಂದರು. ಚುಚ್ಚಿ ಹೇಳಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಪಕ್ಕದ ಮನೆಯವರು ಕೂತಿರುತ್ತೇವೆ ಎಂದರು. ಆದರೆ ಹಿಂದೊಮ್ಮೆ ಅವರು ಎತ್ತಲು ಹೋಗಿ ಅಜ್ಜಿ ಜಾರಿದ್ದರು. ಅಜ್ಜಿಯೇ ನನ್ನ ಸೀರೆ ನೋಡಿ, 'ಓಗವ್ವ ನೀನು. ನಾನೇನ್ ಎದ್ದು ಓಡೋಗ್ಬುಟ್ಟನಾ?' ಎಂದು ನಕ್ಕರು. ನನಗೂ ನಗು ಬಂತು. ಸೀರೆಯ ಸೆರಗು ಸಿಕ್ಕಿಸಿಕೊಂಡು ಅವರ ಮಗ್ಗುಲು ತಿರುಗಿಸಿದೆ.

ಅವ್ವ ಅಷ್ಟರಲ್ಲಿ ಬಸ್ಸು ಹತ್ತಿಯಾಗಿತ್ತು. ಮನೆಯಲ್ಲಿದ್ದ ಒಂದೇ ಫೋನು ಊರಲ್ಲೇ ಉಳಿದ ತಮ್ಮನ ಹತ್ತಿರ, ಅವಳಿಗೆ ತಿಳಿಸುವ ದಾರಿ ಇರಲಿಲ್ಲ. ಕಾಲೇಜಿನ ಸಭಾಂಗಣದಲ್ಲಿ ಹಿಂದಿನ ಸಾಲಿನಲ್ಲಿ ಒಬ್ಬಳೇ ಕೂತಿದ್ದಳಂತೆ. ನನ್ನ ಹೆಸರು ಕರೆದರು. ಮತ್ತೊಮ್ಮೆ ಕರೆದರು. ಅವ್ವ ಬಾಗಿಲ ಕಡೆಗೆ ತಿರುಗಿ ನೋಡಿದಳಂತೆ. ಆಮೇಲೆ ಮುಂದಿನ ಹೆಸರು.

ಈಗಲೂ ನಾನು ಏಜೆನ್ಸಿಗೆ ವಾಪಸ್ ಹೋಗಿಲ್ಲ. ನನ್ನ ಹಾಗೇ ನೇರವಾಗಿ ಕೆಲಸ ಮಾಡುವ ಒಬ್ಬಳ ಪರಿಚಯವಾಗಿದೆ. ಅವಳಿಗೆ ನಾನು, ನನಗೆ ಅವಳು ಬದಲಿ. ಆ ದಿನ ಅವಳು ನನಗೆ ಗೊತ್ತಿರಲಿಲ್ಲ.

ಸಮಾರಂಭ ಆದ ಮುಂದಿನ ವಾರ ಅಜ್ಜಿಯ ಮಗ ಬಂದು ಕೂತರು. ನಾನು ಕಾಲೇಜಿನ ಆಫೀಸಿಗೆ ಹೋಗಿ, ಸಹಿ ಹಾಕಿ, ಪ್ರಮಾಣಪತ್ರ ತೆಗೆದುಕೊಂಡು ನೇರ ಹರವೆಗೆ ಹೋದೆ. ಅವ್ವ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಳು. ಮೊರ ಪಕ್ಕಕ್ಕಿಟ್ಟು ಕೈ ಒರೆಸಿಕೊಂಡಳು. ಪ್ರಮಾಣಪತ್ರವನ್ನು ಅವಳ ಕೈಗೆ ಕೊಟ್ಟೆ. ಸ್ವಲ್ಪ ಹೊತ್ತು ಮಡಿಲಲ್ಲಿ ಇಟ್ಟುಕೊಂಡಿದ್ದಳು.

'ಚೆಂದಾಗೇ ಅದ' ಎಂದಳು. 'ಆದ್ರ ನೀ ಮೆಟ್ಲತ್ತದ್ನ ನೋಡಕ್ಕಲ್ವ ಕಣಮ್ಮಿ ನಾ ಬಂದದ್ದು.'